ಅಕ್ಕನ ಅಳುಮಚ್ಚೆ

ಮಿಯಾಕೊ ದ್ವೀಪ, ಮಾರ್ಚ್ 9

ಅಕ್ಕಾ,

ನಿನ್ನ ಎಡಗಣ್ಣಿನ ಕೆಳಗಿರುವ ಅಳುಮಚ್ಚೆ ಕಂಡರೆ ಚಿಕ್ಕಂದಿನಲ್ಲಿ ನನಗೆಷ್ಟು ಹೊಟ್ಟೆಕಿಚ್ಚು, ನೆನಪಿದೆಯಾ? ಆ ಮಚ್ಚೆ ಇರುವವರಿಗೆ ಬೇಗ ಕಣ್ಣೀರು ಬರುತ್ತದೆಂದು ಎಲ್ಲರೂ ನಿನ್ನನ್ನೇ ಮುದ್ದು ಮಾಡುತ್ತಿದ್ದರು. ಮೂರು ವರ್ಷದ ಹಿಂದೆ ನನಗೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆಯೊಂದು ಮೂಡಿತು. ಯಾವ ಡಾಕ್ಟರಿಗೂ ತೋರಿಸಲಿಲ್ಲ. ಕಬ್ಬು ಕಡಿಯಲು ಹೊರಡುವ ಮುಂಚೆ ಕನ್ನಡಿ ನೋಡಿಕೊಂಡರೆ ನೀನೇ ಎದುರು ಕೂತ ಹಾಗಿರುತ್ತಿತ್ತು.

ಚಳಿಗಾಲದಲ್ಲಿ ಅದರಿಂದ ರಕ್ತ ಬಂತು. ಚರ್ಮದ ಡಾಕ್ಟರು ಶಿಮೋಜಿಯವರಿಗೆ, "ಇದು ಅಳುಮಚ್ಚೆ" ಅಂದೆ.

"ಮಚ್ಚೆಯಂತೆ ಮಚ್ಚೆ! ಕ್ಯಾನ್ಸರ್ ಅಮ್ಮಾ ಇದು. ನಮ್ಮ ಜನಕ್ಕೆ ಹೀಗೆ ಕಪ್ಪಗೇ ಬರೋದು, ಎಲ್ರೂ ಮೋಸ ಹೋಗ್ತಾರೆ" ಎಂದು ಗದರಿದರು. ಎಂಜಲನ್ನೂ ಪರೀಕ್ಷೆಗೆ ಕಳಿಸಿದ್ದರು. "ನಿಮ್ಮ ವಂಶವಾಹಿಲಿ ಒಂದಕ್ಷರ ಬೇರೆ ಇದೆ. ಅದಕ್ಕೇ ಬಿಸಿಲಿಗೆ ಕೆಂಪಾಗ್ತೀರಿ, ಕಪ್ಪಾಗಲ್ಲ. ನಿಮ್ಮಕ್ಕನಿಗೂ ಇರಬಹುದು, ಹೇಳಿ" ಅಂದರು. ಅಮ್ಮ ಊರಿಗೆಲ್ಲ ತೋರಿಸಿ ಬೀಗುತ್ತಿದ್ದ ನಮ್ಮ ತವರು ಅಕಿತಾದ ಬಿಳುಪಿನ ಗುಟ್ಟು ಇಷ್ಟೇ ನೋಡು!

ಪೂರ್ತಿ ತೆಗೆದಿದ್ದಾರೆ, ಐದು ಹೊಲಿಗೆ, ಹೆದರಬೇಡ. ಆದರೆ ನಿನ್ನ ಮಚ್ಚೆ ಚೂರು ಬೆಳೆದಿದ್ದರೂ ಈ ಅಂಚೆ ಕಾರ್ಡು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗು. ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಕಳಿಸು, ಈ ದ್ವೀಪಕ್ಕೆ ಬಂದು ಮೂವತ್ತು ವರ್ಷವಾದರೂ ಇಲ್ಲಿಯದು ನನ್ನ ನಾಲಿಗೆಗೆ ಹತ್ತಿಲ್ಲ.

ಜಾಗ ಮುಗಿಯಿತು. ಉಪ್ಪಿನಕಾಯಿ ಜೊತೆಗೆ ನಿನ್ನದೊಂದು ಫೋಟೊ ಇಡು ಅಕ್ಕಾ. ಕನ್ನಡಿಯಲ್ಲಿ ಈಗ ನಾನೊಬ್ಬಳೇ ಇದ್ದೇನೆ.

ನಿನ್ನ ಕಿನುಯೊ