ಬೆನ್ನ ಮೇಲಿನ ಬೆರಳು

ಗಡಹಿಂಗ್ಲಜ
14 ಅಕ್ಟೋಬರ್ 1984, ರವಿವಾರ

ಕೊಲ್ಹಾಪುರದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸದಲ್ಲಿರುವ ನನ್ನ ಒಡಹುಟ್ಟಿದ ತಂಗಿ ಅನ್ನವ್ವಳಿಗೆ ಅಣ್ಣ ಯಲಗೂರಪ್ಪನು ಮಾಡಿಕೊಳ್ಳುವ ಅರಿಕೆ ಏನೆಂದರೆ:

ಹಿರಿಯನು ಕಿರಿಯಳಿಗೆ ಅರಿಕೆ ಮಾಡಿಕೊಳ್ಳುವ ಪದ್ಧತಿ ಪತ್ರವ್ಯವಹಾರದಲ್ಲಿ ಇಲ್ಲ. ಆಶೀರ್ವಾದ ಎಂದು ಬರೆಯತಕ್ಕದ್ದು. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಮೂವತ್ತನಾಲ್ಕು ವರ್ಷ ಪರರ ಅರ್ಜಿಗಳನ್ನು ನಕಲು ಮಾಡಿದ ನನಗೆ ಅದು ತಿಳಿಯದ ಮಾತಲ್ಲ. ತಿಳಿದೇ ಹೀಗೆ ಬರೆದಿದ್ದೇನೆ. ಕಾರಣವನ್ನು ನಿವೇದಿಸುವ ಮೊದಲು ಹಿಂದಿನ ಸಂಗತಿಯನ್ನು ನಡೆದಂತೆ ಕಾಣಿಸುವುದು ಅವಶ್ಯ. ಅದು ನಿನಗೆ ಗೊತ್ತಿದೆ. ನಾನು ಅದನ್ನು ಒಮ್ಮೆಯೂ ಸರಿಯಾಗಿ ಹೇಳಿಲ್ಲ.

1974ರ ಶ್ರಾವಣ. ನೀನು ಗಂಡನನ್ನೂ ನಾನು ಹೆಂಡತಿಯನ್ನೂ ಕಳೆದುಕೊಂಡು ಒಂದೇ ಮನೆಯಲ್ಲಿ ಇದ್ದೆವು. ನೀನು ರೊಟ್ಟಿ ಬಡಿಯುತ್ತಿದ್ದೆ. ಮಜ್ಜಿಗೆ ಕೇಳಲು ಬಂದ ನೆರೆಮನೆಯ ನಾಗೂಬಾಯಿ ಹೊಸ್ತಿಲಲ್ಲಿ ನಿಂತು ಮಾತಿಗೆ ತೊಡಗಿದ್ದಳು. ಆಗ ನೀನು, "ಅಣ್ಣಾ, ಏನರ ಸುಡಾಕತ್ತೈತೇನ ನೋಡು, ಕೂದಲಾ ಸುಟ್ಟಂಗ ವಾಸನಿ" ಎಂದೆ. ನಾನು ಪಡಸಾಲೆಯಲ್ಲಿ ಹುಡುಕಿದೆ, ನೀನು ಒಲೆಯ ಸುತ್ತ ಹುಡುಕಿದೆ. ಒಲೆಯಿಂದ ಉರುಳಿದ ಕೆಂಡವೊಂದು ನಿನ್ನ ಬಲಗೈಯ ಬೆರಳುಗಳ ನಡುವೆಯೇ ಇತ್ತು. ಎತ್ತಿ ಒಳಗೆ ಹಾಕಬೇಕೆಂದು ಹಿಡಿದವಳು ಮಾತಿನಲ್ಲಿ ಮರೆತಿದ್ದೆ. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

"ಬೀರಪ್ಪ ಬಂದಾನ್ರೀ ಮೈಮ್ಯಾಲ! ಭಂಡಾರ ತರ್ರಿ, ಭಂಡಾರ!" ಎಂದು ನಾಗೂಬಾಯಿ ಕೂಗಿದಳು. ಸಂಜೆಯ ಹೊತ್ತಿಗೆ ಕುರುಬರ ಓಣಿಯೆಲ್ಲ ನಮ್ಮ ಅಂಗಳದಲ್ಲಿತ್ತು. ದೇವರ ಅರಿಷಿಣವಾದ ಆ ಭಂಡಾರವನ್ನು ನಿನ್ನ ಅಂಗೈಗೂ ತೋಳಿಗೂ ಹೆಗಲಿಗೂ ದಿನವೂ ಬಳಿದರು. ದೇವರಿಗೆ ಹರಕೆ ಹೊತ್ತು, ಅದು ಮುಗಿಯುವವರೆಗೆ ತೊಳೆಯಬಾರದೆಂದು ಕಟ್ಟಳೆ ಮಾಡಿದವನು ನಾನು. ಕೆಂಡ ಸುಡದ ತಂಗಿಯ ಅಣ್ಣನೆಂದು, ನಾನು ಹಾದು ಹೋಗುವಾಗ ಕಟ್ಟೆಯ ಮೇಲಿನವರು ಎದ್ದು ನಿಲ್ಲತೊಡಗಿದರು. ಅದು ನನಗೆ ರುಚಿಸಿತೆಂಬುದನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ.

ಸುಟ್ಟ ಗಾಯ ಮಾತ್ರ ಎರಡು ತಿಂಗಳಾದರೂ ಮಾಯಲಿಲ್ಲ. ಆದಕಾರಣ ಇಚಲಕರಂಜಿಗೆ, ಚರ್ಮದ ಡಾಕ್ಟರ್ ಪಾರೀಸರ ದವಾಖಾನೆಗೆ ಹೋದೆವು. ನಿನಗೆ ನೆನಪಿದೆಯೇ? ಉದ್ದನೆಯ ಬಾಕಿನ ಮೇಲೆ ಕುಳಿತು ಸೊಂಟ ಕೆರೆದುಕೊಳ್ಳುವ ಮಗ್ಗದವರು, ಬಣ್ಣದಲ್ಲಿ ನೂಲು ಅದ್ದಿ ಅದ್ದಿ ಅಂಗೈ ಸುಲಿದ ಹೆಂಗಸರು, ಶಿರೋಳಿಯ ಎರಕದ ಕಾರಖಾನೆಯಿಂದ ಬಂದ ಮೈತುಂಬ ಬೆವರುಸಾಲೆಯ ಒಬ್ಬ. ಡಾಕ್ಟರು ಪ್ರತಿಯೊಬ್ಬರನ್ನೂ ಕಿಟಕಿಯ ಬಳಿ ನಿಲ್ಲಿಸಿ ಹಗಲಿನ ಬೆಳಕಿನಲ್ಲಿಯೇ ನೋಡುವರು. ಮೋಡ ಮುಚ್ಚಿದರೆ ರೋಗಿಯ ಕೈಯನ್ನು ಹಾಗೆಯೇ ಹಿಡಿದುಕೊಂಡು ಬಿಸಿಲಿಗಾಗಿ ಕಾಯುವರು. ಒಬ್ಬ ಮಗ್ಗದವನಿಗೆ, "ಅಂಗಡ್ಯಾಗಿನ ಮುಲಾಮ ಹಚ್ಚಿ ಹಚ್ಚಿ ಗಜಕರ್ಣಕ್ಕ ಎರಡ ಹೊತ್ತ ಊಟಾ ಹಾಕೀಯಲ್ಲೋ!" ಎಂದು ಗದರಿದಾಗ ನೀನೂ ನಕ್ಕಿದ್ದೆ.

ನಿನ್ನ ಸರದಿ ಬಂದಾಗ ಭಂಡಾರ ತೊಳೆಯಬೇಕೆಂದರು. ಹರಕೆಯ ಅವಧಿಯಲ್ಲಿ ಸದರಿ ಭಂಡಾರವನ್ನು ತೊಳೆಯತಕ್ಕದ್ದಲ್ಲವೆಂದು ನಾನು ತಕರಾರು ಮಾಡಿದೆ. "ತೊಳದ್ರ ದೇವರೇನ ಸಿಟ್ಟಾಗೂದಿಲ್ರಿ. ಕೆಳಗ ಏನೈತಿ ನೋಡಾಕ ಬಿಡ್ರಿ" ಎಂದರು. ನಾನು ಉತ್ತರ ಜೋಡಿಸುವಷ್ಟರಲ್ಲಿ ನೀನು ಎದ್ದು ಹೋಗಿ ನಳದ ಕೆಳಗೆ ತೋಳು ಹಿಡಿದಿದ್ದೆ. ಅರಿಷಿಣ ಹರಿದು ಹೋದಂತೆ ಬಣ್ಣ ಮಾಸಿದ ಮಚ್ಚೆಗಳು ಒಂದೊಂದಾಗಿ ಕಾಣಿಸಿಕೊಂಡವು.

ಹೆಗಲಿನ ಸೆರಗು ಸರಿಸಬೇಕಾದ್ದರಿಂದ ನಾನು ಮರ್ಯಾದೆಗಾಗಿ, ಕಿಟಕಿಯ ಬಳಿ ನೀನು ಕುಳಿತ ಬಾಕಿನ ಮೇಲೆಯೇ ನಿನಗೆ ಬೆನ್ನು ಮಾಡಿ ಕುಳಿತೆ. "ಕಣ್ಣ ಮುಚ್ಚವಾ. ಹತ್ತಿ ತಾಗಿದಲ್ಲೆ ಬಟ್ಟ ಇಟ್ಟ ತೋರಸು" ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ನೀನು ತೋರಿಸಿದಾಗಲೆಲ್ಲ ಅವರು "ಹಾಂ" ಅನ್ನುತ್ತಿದ್ದರು. ಕ್ರಮೇಣ "ಹಾಂ"ಗಳ ನಡುವಿನ ಅಂತರ ಹೆಚ್ಚಿತು. ಬಳಿಕ ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಮೆಲ್ಲಗೆ, "ನಾ ಹತ್ತಿ ಕೆಳಗಿಟ್ಟೇನವಾ" ಎಂದರು.

"ಇಲ್ಲೂ ಐತ್ರಿ" ಎಂದೆ ನೀನು.

ನಾನು ಕತ್ತು ಹೊರಳಿಸಿದೆ. ನಿನ್ನ ಕಣ್ಣುಗಳು ಮುಚ್ಚಿದ್ದವು. ಪಟ್ಟಿ ಕಟ್ಟಿದ ನಿನ್ನ ಬೆರಳು ನನ್ನ ಅಂಗಿಯ ಮೇಲೆ, ಎಡ ಹೆಗಲಿನ ಕೆಳಗೆ, ಊರಿಕೊಂಡು ನಿಂತಿತ್ತು. ಕಿಟಕಿಯಲ್ಲಿ ಬಿಸಿಲು ಧಾರಾಳವಾಗಿತ್ತು.

"ಯಜಮಾನ್ರ, ನಿಮ್ಮ ಅಂಗಿ ಒಂದೀಟ ತಗೀರಿ" ಎಂದರು ಡಾಕ್ಟರು. ನಾನು ರೋಗಿಯಲ್ಲ, ಈಕೆಯ ಪಾಲಕ ಎಂದು ಎದ್ದು ನಿಂತೆ. "ಇದು ಮಹಾರೋಗರೀ, ಕುಷ್ಠ. ಗುಳಿಗಿ ನುಂಗಿದ್ರ ನಿಲ್ತದ. ಈಕಿನ್ನ ಕರಕೊಂಡ ಹೋಗಬ್ಯಾಡ್ರಿ" ಎಂದು ಅವರು ಬಾಗಿಲವರೆಗೆ ಬಂದರು. ನಾನು ನಿನ್ನ ರಟ್ಟೆ ಹಿಡಿದು ಹೊರಟುಬಿಟ್ಟೆ. ಇಚಲಕರಂಜಿಯಲ್ಲಿಯೂ ದೇವರು ಮೈಮೇಲೆ ಬಂದು ನನ್ನನ್ನೇ ಬೆರಳಿಟ್ಟು ತೋರಿಸಿತೆಂದು ಊರಲ್ಲಿ ಹೇಳಿದೆ. ಡಾಕ್ಟರರ ಮೇಲೆ ನಾಲ್ಕು ಪುಟದ ದೂರು ಬರೆದೆ. ಅಷ್ಟು ಕಟ್ಟುನಿಟ್ಟಾದ ಬರವಣಿಗೆಯನ್ನು ನಾನು ಅದಕ್ಕೆ ಮೊದಲೂ ಆಮೇಲೂ ಬರೆದಿಲ್ಲ. ಎರಡು ವರ್ಷದಲ್ಲಿ ನಿನ್ನ ಬೆರಳುಗಳು ಒಳಕ್ಕೆ ಬಾಗಿದವು. 1976ರ ಒಂದು ಮುಂಜಾನೆ ನೀನು ಗಂಟು ಹಿಡಿದು ಕೊಲ್ಹಾಪುರದ ಬಸ್ಸಿಗೆ ಹೊರಟಾಗ ಆಡಿದ ಮಾತು ಇಷ್ಟೇ: "ದೇವರು ಸಾಕಾತಣ್ಣಾ. ನನಗ ಬೆರಳ ಬೇಕು."

ಎರಡು ವರ್ಷದ ಮೇಲೆ ನಿನ್ನ ಕಾರ್ಡು ಬಂತು. ಆಸ್ಪತ್ರೆಯಲ್ಲಿ ಅಕ್ಷರ ಕಲಿತು, ಬಾಗಿದ ಬೆರಳಿನಿಂದ ಬರೆದದ್ದು. ತಾರೀಖಿಲ್ಲ, ಒಕ್ಕಣೆಯಿಲ್ಲ, ಒಂದೇ ಸಾಲು: "ಅಣ್ಣಾ, ಈ ಸಲ ದೀಪಾವಳಿಗಿ ನಿನ್ನ ಬೆನ್ನಿಗಿ ಎಣ್ಣಿ ಯಾರ ಹಚ್ಚಿದರು?" ಒಕ್ಕಣೆ ಬಾರದವಳ ಹಂಬಲವೆಂದು ತಿಳಿದು ಅದನ್ನು ಹಳೆಯ ನಕಲುಗಳ ನಡುವೆ ಇಟ್ಟೆ. ಉತ್ತರ ಬರೆಯಲಿಲ್ಲ.

ಈಗ ಕಾರಣಕ್ಕೆ ಬರುತ್ತೇನೆ. ಹೋದ ಗುರುವಾರ ಮಧ್ಯಾಹ್ನ ಕಚೇರಿಯ ಎದುರು ಧೋಂಡಿಬಾನ ಚಹಾದಂಗಡಿಯಲ್ಲಿ ಕುಳಿತಿದ್ದೆ. ಬಟ್ಟೆ ಸುಟ್ಟ ವಾಸನೆ, ಅದರ ಹಿಂದೆಯೇ ಕೂದಲು ಸುಟ್ಟಂತಹ ವಾಸನೆ. ಎಲ್ಲರೂ ಹುಡುಕಿದರು. ಅವರೊಂದಿಗೆ ನಾನೂ ಹುಡುಕಿದೆ. "ಯಲಗೂರಪ್ಪಾರ, ಸುಡಾಕತ್ತಿದ್ದು ನೀವರಿ!" ಎಂದು ಧೋಂಡಿಬಾ ಕೊಡ ನೀರು ಸುರಿದ. ನಾನು ಒರಗಿದ್ದು ಉರಿಯುವ ತಗಡಿನ ಒಲೆಗೆ. ಅಂಗಿ ಬಿಚ್ಚಿ ನೋಡಿದವನು ಸ್ವಲ್ಪ ಹಿಂದೆ ಸರಿದ. "ಸುಟ್ಟಿದ್ದು ಇವತ್ತಿಂದರಿ. ಸುತ್ತ ಅಂಗೈಯಷ್ಟ ಬಣ್ಣಾ ಮಾಸೈತಿ, ಅದು ಭಾಳ ಹಳೇದರಿ." ಎಡ ಹೆಗಲಿನ ಕೆಳಗೆ, ಅನ್ನವ್ವಾ. ಅದೇ ಜಾಗ.

ಅಂದಿನಿಂದ ಎರಡು ಸಂಗತಿಗಳು ನನ್ನನ್ನು ಬಿಟ್ಟಿಲ್ಲ. 1973ರ ದೀಪಾವಳಿಯ ಮುಂಜಾನೆ ನೀನು ನನ್ನ ಬೆನ್ನಿಗೆ ಎಣ್ಣೆ ತಿಕ್ಕುವಾಗ, "ಯಾಕ ನಿಲ್ಲಿಸಿದಿ?" ಎಂದು ನಾನು ಗದರಿದ್ದೆ. "ನಿಲ್ಲಿಸಿಲ್ಲಣ್ಣಾ, ತಿಕ್ಕಾಕತ್ತೇನಿ" ಎಂದು ನೀನು ಅಂದಿದ್ದೆ. ಹುಡುಗಾಟವೆಂದುಕೊಂಡೆ. ಇನ್ನೊಂದು, ಆ ದವಾಖಾನೆಯಲ್ಲಿ ನಿನ್ನ ಬೆರಳು ನನ್ನ ಬೆನ್ನ ಮೇಲಿದೆಯೆಂದು ನನಗೆ ತಿಳಿದದ್ದು ಕಣ್ಣಿನಿಂದ. ನಾನು ಹೊರಳಿ ನೋಡದಿದ್ದರೆ ನೀನು ಸಂಜೆಯವರೆಗೆ ಬೆರಳಿಟ್ಟು ಕುಳಿತಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಹಿರಿಯ ಅಣ್ಣನ ಎದುರು ಆಡಲಾಗದ ಮಾತನ್ನು ನೀನು ಕಣ್ಣು ಮುಚ್ಚಿ ಡಾಕ್ಟರರಿಗೆ ತೋರಿಸಿಕೊಟ್ಟೆ. ನಿನ್ನನ್ನು ಪರೀಕ್ಷೆ ಮಾಡುವ ಹೊತ್ತಿನಲ್ಲಿ ನೀನು ನನ್ನನ್ನು ಉಳಿಸಲು ನೋಡಿದೆ. ನಾನು ಅದಕ್ಕೆ ದೇವರೆಂದು ಹೆಸರಿಟ್ಟು ನಿನ್ನ ಬೆರಳುಗಳನ್ನು ತಿಂದೆ.

ಆದಕಾರಣ ಅರಿಕೆ ಏನೆಂದರೆ, 22ನೇ ತಾರೀಖು ಸೋಮವಾರ ಹತ್ತು ಗಂಟೆಗೆ ನಾನು ಪಾರೀಸ ಡಾಕ್ಟರರ ಕಿಟಕಿಯ ಬಳಿ ಅಂಗಿ ಬಿಚ್ಚಿ ಕುಳಿತುಕೊಳ್ಳುವವನಿದ್ದೇನೆ. ನಾಲ್ಕು ಪುಟದ ಆ ದೂರಿನ ನಕಲನ್ನು ಅವರ ಕೈಗೆ ಕೊಟ್ಟು ಕ್ಷಮೆ ಕೇಳುವೆನು. ನೀನು ಕೊಲ್ಹಾಪುರದಿಂದ ಬಂದು ಅದೇ ಬಾಕಿನ ಮೇಲೆ ಕುಳಿತುಕೊಳ್ಳಬೇಕು. ಬರಲು ಮನಸ್ಸಾಗದಿದ್ದರೆ ಅದೂ ನ್ಯಾಯವೇ. ಬಂದರೆ ಮರುದಿನ ದೀಪಾವಳಿಯ ಅಭ್ಯಂಜನ. ನಿನ್ನ ಕಾರ್ಡಿಗೆ ಉತ್ತರ: ಎಂಟು ವರ್ಷದಿಂದ ಯಾರೂ ಹಚ್ಚಿಲ್ಲ. ನಿನಗೆ ಉಳಿದ ಬೆರಳುಗಳಿಂದಲೇ ಹಚ್ಚು. ಆ ಜಾಗಕ್ಕೆ ಕೈ ಬಂದಾಗ ಮಾತ್ರ, ಹಚ್ಚಾಕತ್ತೇನಿ ಎಂದು ಬಾಯಿಬಿಟ್ಟು ಹೇಳು. ಈ ಸಲ ನಂಬುತ್ತೇನೆ.

ನಿನ್ನ ಕೈಗಳು ನೂರು ವರ್ಷ ಪರರ ಗಾಯ ಕಟ್ಟುತ್ತಿರಲಿ ಎಂದು ಹರಸುವ, ಹರಸುವ ಯೋಗ್ಯತೆಯನ್ನು ನಿನ್ನಿಂದಲೇ ಬೇಡುವ

ನಿನ್ನ ಅಣ್ಣ
ಯಲಗೂರಪ್ಪ