ರೋಬೋಟ್ ಎಲ್ಲ ನಿಲ್ಲಿಸಿದೆ

ಸುಳ್ಯ
೧೭ ನವೆಂಬರ್ ೨೦೨೪

ಪ್ರೀತಿಯ ಅಪ್ಪಿಗೆ,

ಲಕೋಟೆಯ ಮೇಲೆ ಶ್ರೀಮತಿ ಸಮೀಕ್ಷಾ ದಿಶಾಂತ್, ಆಲಂಕಾರು ಎಂದು ಬಹಳ ಗಂಭೀರವಾಗಿ ಬರೆದಿದ್ದೇನೆ. ಒಳಗೆ ನೀನು ಅಪ್ಪಿಯೇ. ಹೇಗಿದ್ದೀ ಮಗಾ? ಶೀತ ಕಡಿಮೆಯಾಯಿತೇ? ದಿನಾ ಪುತ್ತೂರಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ಕಿಟಕಿಯ ಪಕ್ಕ ಕೂತು ಗಾಳಿಗೆ ಮುಖ ಕೊಡಬಾರದು ಎಂದು ಬರೆಯಲು ನಿನ್ನ ಅಮ್ಮ ಹೇಳಿದ್ದಾಳೆ. ನಿನ್ನ ಕನ್ನಡಕದ ಅಂಗಡಿಯಲ್ಲಿ ಶಾಲೆ ಮಕ್ಕಳ ಕಣ್ಣು ಪರೀಕ್ಷೆಯ ಗಡಿಬಿಡಿ ಮುಗಿಯಿತಲ್ಲ, ಇನ್ನಾದರೂ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡು. ದಿಶಾಂತನೂ ನಿನ್ನ ಅತ್ತೆ ಮಾವನೂ ಆರೋಗ್ಯವೆಂದು ಭಾವಿಸುತ್ತೇನೆ. ನಾನು ಆರಾಮ. ಎಡ ಮೊಣಕಾಲು ಮಾತ್ರ ಮೆಟ್ಟಿಲು ಇಳಿಯುವಾಗ ತಕರಾರು ಮಾಡುತ್ತದೆ. ಮೂವತ್ತೊಂದು ವರ್ಷ ಕಂಡಕ್ಟರನಾಗಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತ ಕಾಲು, ಅದಕ್ಕೂ ಒಂದು ಮಾತು ಹೇಳುವ ಹಕ್ಕಿದೆ ಎಂದು ಬಿಟ್ಟಿದ್ದೇನೆ.

ಫೋನ್ ಇರುವಾಗ ಅಪ್ಪ ಯಾಕೆ ಕಾಗದ ಬರೆದ ಎಂದು ನಿನಗೆ ನಗು ಬರಬಹುದು. ಫೋನಿನಲ್ಲಿ ನಾವು ಮಾತಾಡುವುದಾದರೂ ಎಂತ? "ಊಟ ಆಯ್ತಾ?", "ಆಯ್ತು", "ಮತ್ತೆಂತ?", "ಎಂತ ಇಲ್ಲ". ಅಷ್ಟರಲ್ಲಿ ನಿನ್ನ ಅಮ್ಮ ಫೋನ್ ಕಿತ್ತುಕೊಂಡು ಪತ್ರೊಡೆ ಮಾಡುವ ವಿಷಯ ತೆಗೆಯುತ್ತಾಳೆ. ನನಗೋ ಹನ್ನೊಂದು ದಿನದಿಂದ ಒಂದು ವಿಷಯ ಅರ್ಥವಾಗುತ್ತಿಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ಯಾರನ್ನಾದರೂ ಕೇಳಬಹುದು; ನನಗೆ ಅರ್ಥವಾಗದ್ದು ಕನ್ನಡ, ಅದೂ ಮೂರೇ ಶಬ್ದದ ಕನ್ನಡ. ಆವತ್ತು ನಾನು ವಾಟ್ಸಾಪಿನಲ್ಲಿ, ಮದುವೆಯಾಗಿ ಹೋಗುವಾಗ ಪೆಟ್ಟಿಗೆಯಲ್ಲಿ ಕೊಂಡುಹೋದ ರೋಬೋಟ್ ಗೊಂಬೆ ಎಲ್ಲ ಎಂತ ಮಾಡಿದೆ ಎಂದು ಕೇಳಿದ್ದೆನಲ್ಲ, ಅದಕ್ಕೆ ನೀನು "ರೋಬೋಟ್ ಎಲ್ಲ ನಿಲ್ಲಿಸಿದೆ" ಎಂದು ಉತ್ತರ ಬರೆದೆ. ನಾನು ಓದಿ ಸಂತೋಷಪಟ್ಟೆ. ಅಂತೂ ಮದುವೆಯಾಗಿ ಆರು ತಿಂಗಳಿಗೆ ಪೆಟ್ಟಿಗೆ ಬಿಚ್ಚಿ, ಇಪ್ಪತ್ತಮೂರನ್ನೂ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದಳು ಎಂದುಕೊಂಡೆ. ಸ್ನಾನಕ್ಕೆ ಹೋದವನಿಗೆ ತಲೆಗೆ ನೀರು ಬಿದ್ದ ಕೂಡಲೇ ಹೊಳೆಯಿತು, ಬೀಡಿ ನಿಲ್ಲಿಸಿದೆ ಎನ್ನುವುದೂ ಹೀಗೇ ಅಲ್ಲವೇ? ಸಂಗೀತ ಕ್ಲಾಸು ನಿಲ್ಲಿಸಿದೆ, ಕಾಲೇಜು ನಿಲ್ಲಿಸಿದೆ, ರೋಬೋಟ್ ಎಲ್ಲ ನಿಲ್ಲಿಸಿದೆ. ಒದ್ದೆ ಮೈಯಲ್ಲಿ ಬಂದು ಫೋನ್ ನೋಡಿದೆ. ಶಬ್ದ ಅದೇ ಇತ್ತು, ಸಂತೋಷ ಮಾತ್ರ ಇರಲಿಲ್ಲ.

ಶಬ್ದದ ಹಿಂದೆ ನೀನು ಹಾಕಿದ ಹಳದಿ ಮುಖವಾದರೂ ದಾರಿ ತೋರಿಸಬೇಡವೇ? ಅದರ ಬಾಯಿ ನಗುತ್ತದೆ, ಎರಡು ಕಣ್ಣಿನಲ್ಲೂ ನೀರು. ನಿನ್ನ ತಮ್ಮ ಅವಿನ್‌ನನ್ನು ಕೇಳಿದೆ. "ಅದು ನಗುದು ಅಪ್ಪ, ಆದ್ರೆ ಈಗ ಯಾರೂ ನಗುವಾಗ ಅದು ಹಾಕುದಿಲ್ಲ" ಎಂದ. ಹಾಗಾದರೆ ಅಳುವಾಗ ಹಾಕುವುದೇ ಎಂದರೆ "ಕೆಲವರು ಹಾಕ್ತಾರೆ" ಎಂದು ಹೇಳಿ ಬೈಕ್ ಹತ್ತಿ ಹೋದ. ಕೊನೆಗೆ ನಿನ್ನನ್ನೇ ಕೇಳುವ ಎಂದು "ಯಾವುದು?" ಎಂದು ಬರೆದೆ. ಎರಡು ಅರ್ಥದಲ್ಲಿ ಯಾವುದು ಎಂದು ನನ್ನ ಪ್ರಶ್ನೆ. ನೀನು "ಎಲ್ಲ ಅಪ್ಪ" ಎಂದು ಬರೆದೆ. ಆಮೇಲೆ ಇನ್ನೊಮ್ಮೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಬೇರೆ ಭಾಷೆಯಲ್ಲಿ ಕೇಳಿದರೆ ಬಿಡಿಸಿಕೊಳ್ಳಬಹುದೇನೋ ಎಂದು ಯೋಚಿಸಿದೆ. ತುಳುವಿನಲ್ಲಿ ನಿಲ್ಲಿಸುವುದಕ್ಕೆ ಹೇಳುವ ಉಂತಾವುನಿಯೂ ಹಾಗೆಯೇ, ಎರಡು ಕಡೆಗೂ ಸಲ್ಲುತ್ತದೆ.

ನಮ್ಮ ಬಸ್ಸಿನ ಡ್ರೈವರ್ ಆಗಿದ್ದ ಆದಂ ಕುಂಞಿ ಮೊನ್ನೆ ಸಂಪಾಜೆಯಿಂದ ಪೇಟೆಗೆ ಬಂದವನು ಮನೆಗೂ ಬಂದಿದ್ದ. ಅವನ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವನು ಚಹಾ ಪೂರ್ತಿ ಕುಡಿದು ಮುಗಿಸಿ, "ಎಂತ ಮಾರಾಯ, ಇಪ್ಪತ್ತು ವರ್ಷ ನೀನು ನಿಲ್ಲಿಸು ಹೇಳಿದಲ್ಲೆಲ್ಲ ನಾನು ನಿಲ್ಲಿಸಿದ್ದು, ಒಂದು ದಿನ ಅರ್ಥ ಕೇಳಿದ್ದುಂಟಾ?" ಎಂದ. ನಿನ್ನ ಅಮ್ಮ ಒಳಗಿಂದಲೇ, "ಒಂದೋ ಫೋನ್ ಮಾಡಿ ಕೇಳಿ, ಇಲ್ಲದಿದ್ರೆ ಸುಮ್ಮನೆ ಕೂತ್ಕೊಳ್ಳಿ" ಎಂದಳು. ಇಬ್ಬರೂ ಸೇರಿ ನಕ್ಕರು. ನನಗೆ ಸಿಟ್ಟು ಬಂದು ನನ್ನ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ, ಅದರಲ್ಲಿ ಇನ್ನೂ ಚಹಾ ಇತ್ತು. ನಿನ್ನ ಮನೆಗೇ ಬಂದು ನೋಡಬಹುದಿತ್ತು, ನಿಜ. ಆದರೆ ಕಪಾಟು ಮಾಡಿಸಿದ್ದರೂ ಅದು ಇರುವುದು ನಿಮ್ಮಿಬ್ಬರ ಕೋಣೆಯಲ್ಲಿ. ಬೀಗರ ಮನೆಯಲ್ಲಿ ಕಾಫಿ ಕುಡಿದ ಮೇಲೆ, ಸ್ವಲ್ಪ ಏಳಿ, ಮಗಳ ಕೋಣೆಯ ಕಪಾಟು ನೋಡಲಿಕ್ಕುಂಟು ಎಂದು ಒಳಗೆ ನುಗ್ಗಿದರೆ ಮರ್ಯಾದೆ ಉಳಿದೀತೇ?

ಈ ರೋಬೋಟುಗಳು ಮೊದಲು ಮನೆಗೆ ಬಂದಾಗ ನಾನೇ ಎಷ್ಟು ಗೇಲಿ ಮಾಡಿದ್ದೆ, ನೆನಪಿದೆಯೇ? ಜಪಾನಿನಿಂದ ಒಂದು ಪೆಟ್ಟಿಗೆ, ಅದರೊಳಗೆ ಒಂದು ಗೇಣು ಎತ್ತರದ ಒಂದು ಗೊಂಬೆ, ಗೊಂಬೆ ಒಂದೇ ಆದರೂ ಅದಕ್ಕೆ ಹನ್ನೆರಡು ಕೈ. ಮುಷ್ಟಿ ಕಟ್ಟಿದ್ದು, ಬೆರಳು ಬಿಡಿಸಿದ್ದು, ಹಿಡಿಯುವಂಥದ್ದು. ನಾನು ನಿನ್ನ ಅಮ್ಮನನ್ನು ಕರೆದು, ನೋಡು, ನಮಗೆ ಕೈ ಕೊಡುವವರು ಬಹಳ ಮಂದಿ ಸಿಕ್ಕಿದ್ದಾರೆ, ಕೈ ಕಳಿಸಿದವರು ಇವರೇ ಮೊದಲು ಎಂದೆ. ನೀನು ನಗಲೇ ಇಲ್ಲ. ಕನ್ನಡಕದ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಅದರ ಹೆಗಲು, ಮೊಣಕೈ, ಮಣಿಕಟ್ಟು, ಕಾಲಿನ ಬೆರಳಿನವರೆಗೂ ಒಂದೊಂದೇ ಗಂಟು ತಿರುಗಿಸಿ ನೋಡುತ್ತಿದ್ದೆ. ಸಡಿಲವಾದ ಗಂಟಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ತೊಟ್ಟು ಹಾಕಿ ಒಣಗಲು ಬಿಟ್ಟರೆ ಮತ್ತೆ ಬಿಗಿಯಾಗುತ್ತದೆ ಎಂದು ನನಗೆ ಕಲಿಸಿದವಳೂ ನೀನೇ. ಪೆಟ್ಟಿಗೆಯಲ್ಲೇ ಇಟ್ಟು ಜೋಪಾನ ಮಾಡುವವರು ಬೇರೆ, ನನಗೆ ಅದು ನಿಲ್ಲಬೇಕು, ಓಡುವ ಹಾಗೆ, ಹಾರುವ ಹಾಗೆ, ಸುಸ್ತಾದ ಹಾಗೆ ನಿಲ್ಲಬೇಕು ಎಂದು ನೀನು ಹೇಳುತ್ತಿದ್ದೆ. ಸುಸ್ತಾದ ರೋಬೋಟನ್ನು ನಾನು ನೋಡಿದ್ದು ನಿನ್ನ ಕಪಾಟಿನಲ್ಲಿ ಮಾತ್ರ.

ಆಮೇಲೆ ಆ ಆದಿತ್ಯವಾರ. ನೀಲಿಯದ್ದನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಲು ನೀನು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದೆ, ಅದು ಬೀಳುತ್ತಲೇ ಇತ್ತು. ನಾನು ಪೇಪರ್ ಓದುತ್ತಿದ್ದವನು ತಡೆಯಲಾರದೆ ಎದ್ದು ಜಗಲಿಯ ಮೆಟ್ಟಿಲಿನಲ್ಲಿ ಬಸ್ಸಿನ ಬಾಗಿಲಲ್ಲಿ ನಿಲ್ಲುವ ಹಾಗೆ ನಿಂತು ತೋರಿಸಿದೆ. ಒಂದು ಕೈ ಕಂಬಿಯಲ್ಲಿ, ಒಂದು ಕಾಲು ಹೊರಗೆ. ಭಾರ ಹಿಮ್ಮಡಿಗೆ ಹೋಗಬೇಕು, ಮೊಣಕಾಲು ಬಿಗಿ ಹಿಡಿಯಬಾರದು, ಸೊಂಟ ಒಂದಿಷ್ಟು ಬಸ್ಸಿನ ಕಡೆಗೆ ವಾಲಬೇಕು. ನೀನು ನನ್ನನ್ನು ನೋಡುತ್ತಾ ಅದರ ಸೊಂಟ ತಿರುಗಿಸಿದೆ, ಮೊಣಕಾಲು ಮಡಚಿದೆ, ಕೈ ಬಿಟ್ಟೆ. ನಿಂತಿತು ಮಗಾ. ಯಾವ ಆಧಾರವೂ ಇಲ್ಲದೆ ನಿಂತಿತು. ಮೂವತ್ತೊಂದು ವರ್ಷದ ನನ್ನ ಕೆಲಸದಲ್ಲಿ ಇನ್ನೊಬ್ಬರು ನೋಡಿ ಕಲಿಯುವಂಥದ್ದು ಏನಾದರೂ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ದಿನದಿಂದ ನಾನು ಗೇಲಿ ಮಾಡಿಲ್ಲ. ಬಂದವರಿಗೆಲ್ಲ ಕಾಣಲಿ ಎಂದು ಕಪಾಟನ್ನು ಚಾವಡಿಯ ಗೋಡೆಗೆ ಹೊಡೆಸಿದವನೂ ನಾನೇ.

ಹಾಗಾಗಿ ನನ್ನ ಗೊಂದಲ ನಿನಗೆ ಅರ್ಥವಾಗಬೇಕು. ಈಚೆಗೆ ನಾನು ಎಲ್ಲವನ್ನೂ ಎರಡೆರಡು ಸಲ ಓದುತ್ತಿದ್ದೇನೆ. ಕಳೆದ ತಿಂಗಳು ನೀನು ಬಂದಾಗ, ಹೊಸ ರೋಬೋಟ್ ಬಂತಾ ಎಂದು ಕೇಳಿದರೆ "ಈಗ ಸಮಯ ಎಲ್ಲಿ ಅಪ್ಪ" ಎಂದೆ. ಅದು ಕೆಲಸ ಜಾಸ್ತಿಯಾದವರ ಮಾತೋ, ಆಸೆ ಬಿಟ್ಟವರ ಮಾತೋ? ದಿಶಾಂತ ನಗುತ್ತಾ, "ಕಪಾಟು ಮಾಡಿಸ್ಬೇಕು ಮಾವ, ಆಚಾರಿ ಸಿಗುದಿಲ್ಲ" ಎಂದ. ನಿಜವಾಗಿ ಆಚಾರಿ ಸಿಗದ್ದೋ, ಹುಡುಕದ್ದೋ? ಆ ಹುಡುಗನ ಮುಖ ನೋಡಿದರೆ ಸುಳ್ಳು ಹೇಳುವವನ ಹಾಗೆ ಕಾಣುವುದಿಲ್ಲ. ನಿನ್ನ ಅತ್ತೆಯೂ ಒಳ್ಳೆಯವರು, ನಿನಗೆ ಶೀತವೆಂದು ಮೂರು ಸಲ ಕಷಾಯ ಮಾಡಿ ಕೊಟ್ಟರಂತೆ. ಯಾರ ಮೇಲೂ ಸಂಶಯಪಡಲು ನನಗೆ ಕಾರಣವಿಲ್ಲ, ಆದರೂ ಪಡುತ್ತಿದ್ದೇನೆ. ನಿನಗೇ ಸಾಕೆನಿಸಿ ಬಿಟ್ಟಿದ್ದರೆ ನನಗೇನೂ ಬೇಸರವಿಲ್ಲ, ಮನಸ್ಸು ಬದಲಾಗುತ್ತದೆ, ಆಗಲಿ. ಆದರೆ ಯಾರೋ ಬಿಡಬೇಕೆಂದದ್ದಕ್ಕೆ ಬಿಟ್ಟು, ಅದಕ್ಕೊಂದು ನಗುವ ಮುಖ ಅಂಟಿಸಿ ಅಪ್ಪನಿಗೆ ಕಳಿಸಿದ್ದಾದರೆ ನನಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಒಂದು ಸಾಲು ಬರೆ. ಕಪಾಟಿನಲ್ಲಿ ನಿಲ್ಲಿಸಿದ್ದೋ, ಆಸೆಯನ್ನೇ ನಿಲ್ಲಿಸಿದ್ದೋ. ಹಳದಿ ಮುಖ ಹಾಕಬೇಡ.

ದಿಶಾಂತನಿಗೆ ನನ್ನ ಆಶೀರ್ವಾದ, ಅತ್ತೆ ಮಾವನಿಗೆ ನಮ್ಮಿಬ್ಬರ ನಮಸ್ಕಾರ. ಅಮ್ಮ ನಿನಗೆ ಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ. ಅವಿನ್ ಏನೂ ಹೇಳಲಿಲ್ಲ, ಹೇಳಿದ ಎಂದು ಇಟ್ಟುಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಮೂಗು ಸೋರದೆ ಇರಲಿ.

ನಿನ್ನ ಅಪ್ಪ
ತೀರ್ಥರಾಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ, ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ. ದಿಶಾಂತನ ಮನೆಯವರು ನಿನ್ನನ್ನು ನೋಡಲು ಬಂದ ದಿನ, ನೀನು ಕಾಫಿ ತರಲು ಒಳಗೆ ಹೋಗಿದ್ದಾಗ, ನಿನ್ನ ಅತ್ತೆ ಕಪಾಟು ನೋಡಿ "ಸಣ್ಣ ಮಕ್ಕಳಿದ್ದಾರಾ ಮನೆಯಲ್ಲಿ?" ಎಂದು ಕೇಳಿದರು. ಹೀಯಾಳಿಸಿ ಅಲ್ಲ, ಸುಮ್ಮನೆ ಕೇಳಿದ್ದು. ನನಗೆ ಒಮ್ಮೆಗೇ ನಾಚಿಕೆಯಾಯಿತು. ಒಳ್ಳೆಯ ಸಂಬಂಧ ತಪ್ಪಿ ಹೋದೀತೆಂದು ಹೆದರಿ, "ಮಗಳದ್ದು, ಮದುವೆ ಆದ ಮೇಲೆ ಅದೆಲ್ಲ ನಿಲ್ಲಿಸ್ತಾಳೆ" ಎಂದುಬಿಟ್ಟೆ. ಆ ಮಾತಿಗೆ ಎರಡು ಅರ್ಥ ಇರಲಿಲ್ಲ ಅಪ್ಪೀ. ಇವತ್ತು ಬೆಳಿಗ್ಗೆ ನಿನ್ನ ಅತ್ತೆಗೆ ಫೋನ್ ಮಾಡಿ, ಆ ಮಾತು ನಾನು ವಾಪಸು ತೆಗೆದುಕೊಂಡಿದ್ದೇನೆ ಎಂದೆ. ಅವರು "ಅವಳ ಹತ್ರ ಕೇಳಿಯೇ ನೀವು ಹೇಳಿದ್ದು ಅಂತ ನಾವು ಗ್ರಹಿಸಿದ್ದು" ಎಂದರು. ಇಲ್ಲ, ಅವಳಿಗೆ ಗೊತ್ತೇ ಇಲ್ಲ ಎಂದೆ. ನೀನು ನಿಲ್ಲಿಸಿದ್ದು ಎಂತ ಎಂದು ಅವರನ್ನು ಕೇಳಲಿಲ್ಲ. ನಿನ್ನ ವಿಷಯವನ್ನು ನಿನ್ನನ್ನು ಬಿಟ್ಟು ಬೇರೆಯವರ ಹತ್ತಿರ ಮಾತಾಡಿದ್ದು ಒಂದು ಸಲಕ್ಕೇ ಸಾಕು.