ಅಪ್ಪ ನಿಲ್ಲಿಸಿದ ಪುಟ

ಪಟಾನ್‌ಚೆರು
ಬುಧವಾರ

ಅವ್ವಾ, ಕರ್ತನಲ್ಲಿ ವಂದನೆಗಳು.

ಅಪ್ಪ ತೀರಿಕೊಂಡಾಗಿನಿಂದ ಅವರ ಸತ್ಯವೇದವನ್ನು ಮೊದಲಿನಿಂದ, ದಿನಕ್ಕೊಂದು ಅಧ್ಯಾಯದಂತೆ, ಫ್ಯಾಕ್ಟರಿ ಬಸ್ಸಿನಲ್ಲಿ ಓದುತ್ತಿದ್ದೇನೆ. ಬೆಳಗಿನ ಮಂಜಿನಲ್ಲಿ ಚಿಮಣಿಗಳು ತೇಲಿದಂತೆ ಕಾಣುವಾಗ, ಓದುವ ದನಿ ನನ್ನದೋ ಅಪ್ಪನದೋ ತಿಳಿಯುವುದಿಲ್ಲ. ಪಕ್ಕದ ಸೀಟಿನ ಗುಣವತಿ, “ಜರಾ ಜೋರಿಲೆ ಓದು, ನಾನೂ ಕೇಳ್ತೀನಿ” ಅನ್ನುತ್ತಾಳೆ.

ನಿನ್ನೆ ಪುಟಗಳ ನಡುವೆ ಅಪ್ಪ ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಸಿಕ್ಕಿತು. ಆಸ್ಪತ್ರೆ ಸೇರಿದ ದಿನ ಅವರು ಅಲ್ಲಿಯವರೆಗೆ ಓದಿದ್ದರು. ಮುಂದಿನ ಪುಟ ತಿರುವಲು ನನಗೆ ಕೈ ಬರಲಿಲ್ಲ. ಇವತ್ತೂ ಅದೇ ಅಧ್ಯಾಯವನ್ನೇ ಓದಿದೆ.

ಭಾನುವಾರ ಬೀದರಿಗೆ ಬರುತ್ತೇನೆ. ಚಾಪೆ ಹಾಸಿಟ್ಟಿರು. “ನನಗ ಓದ್ಲಾಕ ಬರಲ್ಲವ್ವಾ” ಅಂತ ಅಡುಗೆಮನೆಗೆ ಹೋಗಬೇಡ. ಪುಟ ನೀನು ತಿರುವು, ನಾನು ಓದುತ್ತೇನೆ.

ನಿನ್ನ ಮಗಳು
ಸುಗುಣಾ